ನಮ್ಮ ಹಾಡು, ಕತೆ, ಫೋಟೊ ಇಂಟರ್ನೆಟ್ಟಿಗೆ ಹಾಕುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬರೆಯುವವರು, ಹಾಡುವವರು, ಫೋಟೊ ತೆಗೆಯುವವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೆಲವು ಫೋನಿನಲ್ಲಿ ಬಂದವು, ಕೆಲವು ಕಾಗದದಲ್ಲಿ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದವೂ ಇವೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲಿಂದ ಬೇಕಾದರೂ ಓದಿ. ಎಲ್ಲ ಉತ್ತರಗಳ ಹಿಂದೆ ಇರುವ ಮಾತು ಒಂದೇ: ಇಂಟರ್ನೆಟ್ಟಿಗೆ ಹಾಕುವುದು ಈಗ ಯಾರಿಗಾದರೂ ಆಗುತ್ತದೆ. ಹೆಸರು, ಒಪ್ಪಿಗೆ, ಮೂಲ ಪ್ರತಿ, ಈ ಮೂರನ್ನು ಮಾತ್ರ ನಾವೇ ನೋಡಿಕೊಳ್ಳಬೇಕು.

## ಶುರು ಮಾಡುವವರಿಗೆ

ನಾನು ಬರೆದದ್ದನ್ನ ಮನೆಯವರೇ ಓದಲ್ಲ. ಗೊತ್ತಿಲ್ಲದೋರು ಯಾಕೆ ಓದ್ತಾರೆ ಮೇಡಂ?

ಮನೆಯವರು ಓದದೇ ಇದ್ದರೆ ಬರಹ ಚೆನ್ನಾಗಿಲ್ಲ ಅಂತ ಅಲ್ಲ. ಅವರಿಗೆ ನೀವು ದಿನಾ ಸಿಗುತ್ತೀರಿ, ಅಷ್ಟೇ.

ಮೊದಲೆಲ್ಲ ಒಂದು ಕತೆ ಕಳಿಸಬೇಕೆಂದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಸ್ಟಾಂಪ್ ಹಚ್ಚಿದ ಸ್ವವಿಳಾಸದ ಕವರ್ ಜೊತೆಗಿಟ್ಟು, ವಾರಪತ್ರಿಕೆಯ ವಿಳಾಸಕ್ಕೆ ಅಂಚೆಗೆ ಹಾಕಿ ತಿಂಗಳುಗಟ್ಟಲೆ ಕಾಯಬೇಕಿತ್ತು. ವಾಪಸ್ ಬಂದರೆ ಕತೆ ಪೆಟ್ಟಿಗೆ ಸೇರುತ್ತಿತ್ತು. ಈಗ ಸಂಪಾದಕರು ಬೇಡ ಅಂದರೂ ಓದುವವರು ಸಿಗುತ್ತಾರೆ. ಮೊದಲು ಸಿಗುವವರು ಊರು ಬಿಟ್ಟು ಹೋದ ನಿಮ್ಮ ತಾಲ್ಲೂಕಿನವರೇ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ಪಾವಗಡದ ಹುಡುಗನಿಗೆ ಶೇಂಗಾ ಬಿಡಿಸುವ ಕಾಲದ ಮಾತು ಬೇಕು. ಮದುವೆಯಾಗಿ ದೂರ ಹೋದ ಶಿಡ್ಲಘಟ್ಟದ ಹೆಣ್ಣುಮಗಳಿಗೆ ರೇಷ್ಮೆ ಮನೆ ಬೇಕು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು ಸೊಪ್ಪು ಮೇಯುವ ಸದ್ದು, ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದು ನೋಡಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಕೈ, ಇಷ್ಟನ್ನು ಒಂದು ನಿಮಿಷ ತೋರಿಸಿದರೂ ಅವಳು ನೋಡುತ್ತಾಳೆ, ಅಕ್ಕತಂಗಿಯರಿಗೂ ಕಳಿಸುತ್ತಾಳೆ.

ಹಾಗಾಗಿ ಎಲ್ಲರಿಗೂ ಹೊಂದುವ ಹಾಗೆ 'ಜೀವನ ಅಂದ್ರೆ ಇಷ್ಟೇ' ಅನ್ನುವಂಥದ್ದು ಬರೆಯಬೇಡಿ. ನಿಮಗೆ ಹತ್ತಿರದಿಂದ ಗೊತ್ತಿರುವುದನ್ನು ಬರೆಯಿರಿ.

ಯೂಟ್ಯೂಬಾ, ಇನ್‌ಸ್ಟಾಗ್ರಾಮಾ, ಫೇಸ್‌ಬುಕ್ಕಾ? ಯಾವುದರಲ್ಲಿ ಹಾಕ್ಲಿ?

ಎರಡು ಜಾಗ ಇಟ್ಟುಕೊಳ್ಳಿ. ಒಂದು ಕೆಲಸ ಉಳಿಯುವ ಜಾಗ, ಇನ್ನೊಂದು ಜನ ಓಡಾಡುವ ಜಾಗ. ಹಾಡು, ನಾಟಕ, ಹರಿಕಥೆಯ ಪೂರ್ತಿ ವಿಡಿಯೋ ಯೂಟ್ಯೂಬ್‌ನಲ್ಲಿರಲಿ. ಅದರ ಅರ್ಧ ನಿಮಿಷದ ತುಣುಕು ಇನ್‌ಸ್ಟಾಗ್ರಾಮ್ ರೀಲ್ ಆಗಲಿ. ಕತೆ, ಕವಿತೆಗಳಿಗೆ ವರ್ಡ್‌ಪ್ರೆಸ್ ಅಥವಾ ಬ್ಲಾಗರ್‌ನಲ್ಲಿ ಪುಕ್ಕಟೆ ಪುಟ ಸಿಗುತ್ತದೆ. ಪ್ರತಿಲಿಪಿ ಅನ್ನುವ ಆ್ಯಪ್‌ನಲ್ಲಿ ಕನ್ನಡದ ಕತೆ ಓದುವವರೇ ಇದ್ದಾರೆ, ಧಾರಾವಾಹಿ ಬರೆಯುವವರಿಗೆ ಅದು ಒಳ್ಳೆಯ ಜಾಗ.

ವಾಟ್ಸಾಪ್ ಸ್ಟೇಟಸ್ ಉಳಿಯುವ ಜಾಗವಲ್ಲ. 24 ಗಂಟೆ ಕಳೆದರೆ ಇಲ್ಲ.

ಒಳ್ಳೆ ಕ್ಯಾಮೆರಾ ಇಲ್ಲ. ಮೊಬೈಲ್ ಸಾಕಾ?

ಸಾಕು. ಚಿತ್ರ ಸ್ವಲ್ಪ ಮಬ್ಬಾದರೂ ಜನ ನೋಡುತ್ತಾರೆ. ಸದ್ದು ಕೆಟ್ಟರೆ ಹತ್ತು ಸೆಕೆಂಡ್ ಕೂಡ ನಿಲ್ಲುವುದಿಲ್ಲ. ಆದ್ದರಿಂದ ದುಡ್ಡು ಇದ್ದರೆ ಮೊದಲು ಕಾಲರಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕ್ ಕೊಳ್ಳಿ, ಹೊಸ ಮೊಬೈಲ್ ಆಮೇಲೆ.

ತಮಟೆಯ ವಿಷಯ ಬೇರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಬಡಿತವನ್ನು ಮೊಬೈಲಿನಲ್ಲಿ ಹಿಡಿಯುವ ಆಸೆ ನಮ್ಮ ಕಡೆಯ ಎಷ್ಟೋ ಹುಡುಗರಿಗಿದೆ. ಉತ್ಸಾಹದಲ್ಲಿ ತಂಡದ ಮಧ್ಯಕ್ಕೇ ಹೋಗಿ ನಿಲ್ಲುತ್ತಾರೆ. ಬೆಂಕಿಗೆ ಹಿಡಿದು ಕಾಯಿಸಿದ ತಮಟೆಯ ಏಟನ್ನು ಮೊಬೈಲಿನ ಮೈಕ್ ಅಷ್ಟು ಹತ್ತಿರದಿಂದ ತಡೆಯುವುದಿಲ್ಲ. ಬರೀ ಗೊರಗೊರ ಅಂತ ಒಡೆದ ಸದ್ದು ಕೇಳುತ್ತದೆ, ಒಂದೊಂದು ಏಟೂ ಬೇರೆ ಬೇರೆಯಾಗಿ ಕೇಳುವುದಿಲ್ಲ. ಹತ್ತಿಪ್ಪತ್ತು ಅಡಿ ಹಿಂದೆ ಬನ್ನಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಅರ್ಧ ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿಕೊಂಡು ಕೇಳಿ, ಸರಿಯಿದ್ದರೆ ಮುಂದುವರಿಸಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಕುಣಿತ ಜೋರಾದ ಹೊತ್ತಿಗೇ ಯಾರಾದರೂ ಫೋನ್ ಮಾಡುತ್ತಾರೆ.

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಕವಿತೆ ಫೇಸ್‌ಬುಕ್‌ಗೆ ಹಾಕಿದ್ರೆ ಏನೇನೋ ಅಕ್ಷರ ಬರುತ್ತಲ್ಲ, ಯಾಕೆ?

ಅಂಗಡಿಯಲ್ಲಿ 'ನುಡಿ' ಅಥವಾ 'ಬರಹ' ಅನ್ನುವ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಅಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ. ಕನ್ನಡದ ರೂಪ ಕೊಡುವುದು ಆ ಫಾಂಟ್. ಫಾಂಟ್ ಇಲ್ಲದ ಕಡೆ ಒಳಗಿರುವುದೇ ಆಚೆ ಬರುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಇರುವ ಯೂನಿಕೋಡ್‌ನಲ್ಲಿ ಮಾತ್ರ ಕನ್ನಡ ಎಲ್ಲ ಕಡೆಯೂ ಕನ್ನಡವಾಗಿಯೇ ಕಾಣುತ್ತದೆ, 1991ರಿಂದಲೇ ಕನ್ನಡಕ್ಕೆ ಅದರಲ್ಲಿ ಜಾಗವಿದೆ. ಮೊಬೈಲಿನಲ್ಲಿ ಟೈಪ್ ಮಾಡಿದ ಕನ್ನಡ ಎಲ್ಲವೂ ಯೂನಿಕೋಡೇ. ಹಳೆಯ ಫೈಲನ್ನು ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಒಂದು ಸಲ ಪೂರ್ತಿ ಓದಿ, ಅರ್ಕಾವತ್ತು ಮತ್ತು ಒತ್ತಕ್ಷರ ಕೆಲವು ಸಲ ಜಾಗ ತಪ್ಪಿರುತ್ತವೆ.

ಕವಿತೆಯನ್ನು ಬರೀ ಚಿತ್ರವಾಗಿ ಹಾಕುವವರಿಗೂ ಒಂದು ಮಾತು. ಹೂವಿನ ಹಿನ್ನೆಲೆಯ ಮೇಲೆ ಬರೆದದ್ದು ನೋಡಲು ಚೆಂದ. ಆದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗುವುದು ಕಷ್ಟ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದೂ ಕಷ್ಟ. ಚಿತ್ರದ ಕೆಳಗೆ ಸಾಲುಗಳನ್ನು ಅಕ್ಷರದಲ್ಲೂ ಹಾಕಿ.

ನಮ್ಮ ಮಾತಲ್ಲಿ ತೆಲುಗು ಸೇರಿರುತ್ತೆ ಅಕ್ಕ. ಬೆಂಗಳೂರಿನೋರು ನಗಲ್ವಾ?

ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡ ಕಡೆಯವರು ಇದನ್ನು ಜಾಸ್ತಿ ಕೇಳುತ್ತಾರೆ. ಕೈವಾರದ ತಾತಯ್ಯನವರು (ಯೋಗಿ ನಾರೇಯಣ) ಕನ್ನಡದಲ್ಲೂ ಪದ ಕಟ್ಟಿದರು, ತೆಲುಗಿನಲ್ಲೂ ಕಟ್ಟಿದರು. ಈ ಸೀಮೆಯ ಬಾಯಲ್ಲಿ ಎರಡೂ ನಿಂತಿವೆ. ನೀವು ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಹೇಳಿ. ವಿಡಿಯೋದ ತಲೆಬರಹವನ್ನು ಮಾತ್ರ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಕೊಟ್ಟರೆ ಹುಡುಕುವವರಿಗೆ ಸಿಗುತ್ತದೆ. ತೆಲುಗು ಸಾಲು ಬಂದ ಕಡೆ ಕೆಳಗೆ ಕನ್ನಡದಲ್ಲಿ ಅರ್ಥ ಹಾಕಿ.

## ಹೆಸರು, ಹಕ್ಕು, ಒಪ್ಪಿಗೆ

ನನ್ನ ಕವಿತೆ ಬೇರೆಯವರ ಹೆಸರಲ್ಲಿ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಏನ್ ಮಾಡ್ಲಿ?

ಹೊಟ್ಟೆ ಉರಿಯುತ್ತದೆ, ಗೊತ್ತು. ಮೊದಲು ನಿಮ್ಮ ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಅದೇ ಕಾಯ್ದೆಯ 57ನೇ ಕಲಂ ಇನ್ನೂ ಒಂದು ಹಕ್ಕು ಕೊಡುತ್ತದೆ: ಹಣಕ್ಕೆ ಹಕ್ಕು ಮಾರಿದ ಮೇಲೂ 'ಇದು ಬರೆದದ್ದು ನಾನು' ಅಂತ ಹೇಳಿಕೊಳ್ಳುವ ಹಕ್ಕು ನಿಮ್ಮ ಹತ್ತಿರವೇ ಉಳಿಯುತ್ತದೆ.

ಇನ್ನು ಮಾಡಬೇಕಾದ ಕೆಲಸ. ಫಾರ್ವರ್ಡ್ ಆದದ್ದನ್ನು ಹಿಂದಕ್ಕೆ ಕರೆಯಲು ಆಗುವುದಿಲ್ಲ. ಅದರ ಹಿಂದೆ ಓಡಬೇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ನಲ್ಲಿ ಹಾಕಿಕೊಂಡವರಿಗೆ ನೇರವಾಗಿ ಬರೆಯಿರಿ. 'ಇದು ನನ್ನ ಕವಿತೆ, ಇಂಥ ದಿನ ಇಲ್ಲಿ ಹಾಕಿದ್ದೇನೆ, ಹೆಸರು ಸೇರಿಸಿ ಅಥವಾ ತೆಗೆಯಿರಿ' ಎಂದರೆ ಹೆಚ್ಚಿನವರು ಸೇರಿಸುತ್ತಾರೆ, ಅವರಿಗೂ ಅದು ಫಾರ್ವರ್ಡ್‌ನಲ್ಲೇ ಬಂದಿರುತ್ತದೆ. ಒಪ್ಪದಿದ್ದರೆ ಆಯಾ ಆ್ಯಪ್‌ನಲ್ಲೇ ಕಾಪಿರೈಟ್ ದೂರಿನ ಫಾರಂ ಇದೆ. ಆಗ ಕೆಲಸಕ್ಕೆ ಬರುವುದು ತಾರೀಖು ಇರುವ ನಿಮ್ಮ ಮೊದಲ ಪೋಸ್ಟ್. ಅದಕ್ಕೇ ಹೊಸ ಕವಿತೆಯನ್ನು ಗೆಳೆಯರ ಗುಂಪಿಗೆ ಕಳಿಸುವ ಮುಂಚೆ ನಿಮ್ಮ ಪುಟದಲ್ಲಿ ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು. ಹೆಸರನ್ನು ತೀರಾ ಕೊನೆಯಲ್ಲಿ ಬೇರೆ ಸಾಲಾಗಿ ಹಾಕಿದರೆ ಕತ್ತರಿಸುವುದು ಸುಲಭ. ತಲೆಬರಹದ ಜೊತೆಗೇ ಸೇರಿಸಿ.

ಜನಪದ ಹಾಡಿಗೆ ಯಾರೂ ಮಾಲೀಕರಿಲ್ಲ ಅಲ್ವಾ? ನಮ್ಮೂರ ಅಜ್ಜಿ ಹಾಡಿದ್ದನ್ನ ರೆಕಾರ್ಡ್ ಮಾಡಿ ಹಾಕಿದ್ರೆ ತಪ್ಪೇನು?

ಹಾಡು ಕಟ್ಟಿದವರು ಯಾರೋ ಗೊತ್ತಿಲ್ಲದಿರಬಹುದು. ದನಿ ಆ ಅಜ್ಜಿಯದು. ಹಾಡುವವರು, ನುಡಿಸುವವರು, ಕುಣಿಯುವವರಿಗೆ ನಮ್ಮ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತಲೇ ಒಂದಿದೆ. ಅದು 50 ವರ್ಷ ಇರುತ್ತದೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಊರಿಗೆಲ್ಲ ಹಂಚುವ ಹಾಗಿಲ್ಲ.

ಒಪ್ಪಿಗೆ ಅಂದರೆ ಬರೀ 'ಹೂಂ' ಅಲ್ಲ ಅನ್ನುವುದು ನನಗೆ ಶಿರಾ ತಾಲ್ಲೂಕಿನ ಒಂದು ಮನೆಯಲ್ಲಿ ಚೆನ್ನಾಗಿ ಕಂಡಿತು. ಸೋಬಾನೆ ಹೇಳುವ ಅಜ್ಜಿಯ ಎದುರಿಗೆ ಮೊಮ್ಮಗ ಮೊಬೈಲ್ ಹಿಡಿದ. ಅಜ್ಜಿ ಸೆರಗು ಎಳೆದುಕೊಂಡು ಸುಮ್ಮನೆ ಕೂತರು. 'ಒಬ್ಳೇ ಹೆಂಗೆ ಹೇಳ್ಲಿ, ಸೊಲ್ಲು ಎತ್ತೋರು ಬೇಡ್ವಾ?' ಅಂದರು. ಜೊತೆಗೆ ದನಿಗೂಡಿಸಲು ಪಕ್ಕದ ಮನೆಯ ಇಬ್ಬರು ಬಂದು ಕೂತ ಮೇಲೆ ದನಿ ತಾನಾಗಿ ಏರಿತು. ಒಂದು ಪದ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ಕೊನೆಗೆ ಅಜ್ಜಿ ಕೇಳಿದರು: 'ಇದನ್ನ ಯಾರ್ಯಾರು ನೋಡ್ತಾರೆ?' ಎಲ್ಲರೂ ನೋಡ್ತಾರೆ ಅಂದ ಮೊಮ್ಮಗ. 'ಹಂಗಾದ್ರೆ ಹಸೆ ಪದ ಹಾಕು. ಬೀಗರ ಪದ ಬೇಡ. ಅದು ಮದ್ವೆ ಮನೇಲಿ ನಗೋಕೆ ಹೇಳೋದು. ಗೊತ್ತಿಲ್ಲದೋರು ಕೇಳಿದ್ರೆ ಬೈಗುಳ ಅನ್ಕೋತಾರೆ.'

ಯಾವ ಪದ ಯಾರ ಮುಂದೆ ಹೇಳಬೇಕು ಅನ್ನುವ ತಿಳಿವಳಿಕೆ ಹಾಡುವವರಿಗೆ ಇರುತ್ತದೆ. ನಾವು ಕೇಳಬೇಕು, ಅವರು ಹೇಳಿದ ಹಾಗೆ ನಡೆಯಬೇಕು. ರೆಕಾರ್ಡ್ ಮಾಡಿದ್ದನ್ನು ಅವರಿಗೇ ಮೊದಲು ಕೇಳಿಸಿ. ಎಲ್ಲಿ ಹಾಕುತ್ತೀರಿ, ಯಾರು ನೋಡಬಹುದು, ದುಡ್ಡು ಬಂದರೆ ಹೇಗೆ, ಇಷ್ಟನ್ನು ಅವರ ಮಾತಿನಲ್ಲೇ ಹೇಳಿ. ಒಪ್ಪಿದ ಮಾತನ್ನೂ ಅದೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ವಿವರಣೆಯಲ್ಲಿ ಹಾಡಿದವರ ಹೆಸರು, ಸೊಲ್ಲು ಎತ್ತಿದವರ ಹೆಸರು, ಊರು, ಯಾವ ಸಂದರ್ಭದ ಪದ, ಯಾರಿಂದ ಕಲಿತದ್ದು, ಎಲ್ಲ ಬರೆಯಿರಿ. 'ಅಜ್ಜಿಯ ಹಳೇ ಹಾಡು' ಅಂತ ಹಾಕಿ ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹೆಸರು ಹಾಕಲು ಅವರಿಗೇ ಇಷ್ಟವಿಲ್ಲದಿದ್ದರೆ ಮಾತ್ರ ಬಿಡಿ.

ಡಿವಿಜಿ ಪದ್ಯ, ಬಿಎಂಶ್ರೀ ಪದ್ಯ ಹಾಡಿ ವಿಡಿಯೋ ಮಾಡಬಹುದಾ?

ಇಬ್ಬರ ಲೆಕ್ಕ ಬೇರೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿಎಂಶ್ರೀ 1946ರಲ್ಲಿ ತೀರಿಕೊಂಡರು. 2007ರಿಂದ ಅವರ ಪದ್ಯಗಳನ್ನು ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಬಹುದು. ಮುಳಬಾಗಿಲಿನ ಡಿವಿಜಿ ತೀರಿಕೊಂಡದ್ದು 1975ರಲ್ಲಿ. 2035 ಮುಗಿಯುವವರೆಗೂ ಹಕ್ಕು ಇದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರದು 2046ರವರೆಗೆ, ಅವರು 1986ರಲ್ಲಿ ಹೋದರು.

ಹಕ್ಕು ಇರುವ ಪದ್ಯದ ನಾಲ್ಕು ಸಾಲು ಎತ್ತಿಕೊಂಡು ಅದರ ಬಗ್ಗೆ ಮಾತಾಡುವುದು, ವಿಮರ್ಶೆ ಮಾಡುವುದು ತಪ್ಪಲ್ಲ. ಪೂರ್ತಿ ಪುಸ್ತಕವನ್ನು ದಿನಕ್ಕೊಂದರಂತೆ ಓದಿ ಹಾಕುವುದಾದರೆ ಪ್ರಕಾಶಕರ ಮೂಲಕ ಹಕ್ಕು ಇರುವವರನ್ನು ಕೇಳಿ. ಇನ್ನೊಂದು ಎಚ್ಚರ: ಪದ್ಯ ಹಳೆಯದಾದರೂ ಅದಕ್ಕೆ ಈಚೆಗೆ ಯಾರೋ ರಾಗ ಹಾಕಿದ್ದರೆ ಆ ರಾಗ ಸಂಯೋಜನೆಗೆ ಬೇರೆ ಹಕ್ಕು ಇರುತ್ತದೆ.

ನನ್ನ ಫೋಟೊ ಯಾರು ಬೇಕಾದ್ರೂ ಬಳಸ್ಲಿ, ಹೆಸರು ಮಾತ್ರ ಹಾಕ್ಲಿ ಅನ್ನೋದು ಹೇಗೆ?

ಇದಕ್ಕೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಇರುವುದು. 2002ರಲ್ಲಿ ಮೊದಲು ಬಂದವು. ಫೋಟೊ ಕೆಳಗೆ 'ಸಿಸಿ ಬೈ' ಅಂತ ಹಾಕಿದರೆ ಹೆಸರು ಹೇಳಿ ಯಾರಾದರೂ ಬಳಸಬಹುದು, ನಿಮ್ಮನ್ನು ಕೇಳಬೇಕಾಗಿಲ್ಲ. 'ಎಸ್‌ಎ' ಸೇರಿಸಿದರೆ ಅದರಿಂದ ಮಾಡಿದ ಹೊಸ ಕೆಲಸವನ್ನೂ ಅವರು ಅದೇ ಷರತ್ತಿನಲ್ಲಿ ಹಂಚಬೇಕು. 'ಎನ್‌ಸಿ' ಅಂದರೆ ವ್ಯಾಪಾರಕ್ಕೆ ಬೇಡ, 'ಎನ್‌ಡಿ' ಅಂದರೆ ಬದಲಾಯಿಸಿ ಹಂಚುವುದು ಬೇಡ. ಕೊಟ್ಟ ಪರವಾನಗಿಯನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ, ಆದ್ದರಿಂದ ಯೋಚಿಸಿ ಹಾಕಿ.

ಹಾಗೆ ಕೊಡಲು ಮನಸ್ಸಿದ್ದರೆ ವಿಕಿಪೀಡಿಯದ ಫೋಟೊಗಳು ಇರುವ ತಾಣ ವಿಕಿಮೀಡಿಯಾ ಕಾಮನ್ಸ್ ಒಳ್ಳೆಯ ಜಾಗ. ಕನ್ನಡ ವಿಕಿಪೀಡಿಯ 2003ರಲ್ಲೇ ಶುರುವಾದರೂ ನಮ್ಮ ಎಷ್ಟೋ ಊರುಗಳ ಪುಟದಲ್ಲಿ ಇನ್ನೂ ಫೋಟೊ ಇಲ್ಲ. ಮಧುಗಿರಿ ಬೆಟ್ಟ, ನಂದಿಯ ಭೋಗನಂದೀಶ್ವರ ದೇವಸ್ಥಾನದಂಥ ಜಾಗಗಳನ್ನು ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮೂರಿನ ಕೆರೆ ತೂಬು, ಹೊಲದ ಬದುವಿನಲ್ಲಿ ವಾಲಿರುವ ವೀರಗಲ್ಲು ತೆಗೆಯಲು ನೀವೇ ಆಗಬೇಕು. ಕಾಮನ್ಸ್‌ನಲ್ಲಿ 'ವ್ಯಾಪಾರಕ್ಕೆ ಬೇಡ' ಅನ್ನುವ ಷರತ್ತು ನಡೆಯುವುದಿಲ್ಲ ಅನ್ನುವುದು ಗೊತ್ತಿರಲಿ.

ನಾನೇ ಹಾಡಿದ ತತ್ವಪದಕ್ಕೆ ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬಂತು. ಇದ್ಯಾವ ನ್ಯಾಯ?

ಯೂಟ್ಯೂಬ್‌ನ ಯಂತ್ರ ಸದ್ದನ್ನು ಸದ್ದಿನ ಜೊತೆ ಹೋಲಿಸಿ ನೋಡುತ್ತದೆ. ಅದೇ ಪದವನ್ನು ಅದೇ ಮಟ್ಟಿನಲ್ಲಿ ಯಾವುದೋ ಕ್ಯಾಸೆಟ್ ಕಂಪನಿ ಹಿಂದೆ ಹಾಡಿಸಿದ್ದರೆ ನಿಮ್ಮದನ್ನೂ ಅವರದೇ ಅಂದುಕೊಳ್ಳಬಹುದು. ಹೆದರಬೇಡಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಆ ವಿಡಿಯೋದ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ, ಚಾನೆಲ್‌ಗೆ ಪೆಟ್ಟಿಲ್ಲ. ಸ್ಟ್ರೈಕ್ (ಕಾಪಿರೈಟ್ ಮುರಿದಿದ್ದಕ್ಕೆ ಕೊಡುವ ಎಚ್ಚರಿಕೆ) ಹಾಗಲ್ಲ, 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು.

ಪದ ಹಳೆಯದು, ಹಾಡಿದ್ದು ನೀವು, ವಾದ್ಯ ನುಡಿಸಿದವರು ನಿಮ್ಮವರು ಅಂತಾದರೆ 'ಡಿಸ್ಪ್ಯೂಟ್' ಒತ್ತಿ ಅದನ್ನೇ ನಾಲ್ಕು ಸಾಲಿನಲ್ಲಿ ಬರೆಯಿರಿ. ಕಂಪನಿಯವರು 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಕ್ಲೇಮ್ ಬಿಟ್ಟುಹೋಗುತ್ತದೆ. ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡಿದ್ದರೆ ಮಾತ್ರ ಈ ವಾದ ನಿಲ್ಲುವುದಿಲ್ಲ, ಆ ಟ್ರ್ಯಾಕ್ ಬೇರೆಯವರದು.

## ಜನ, ಮಾತು, ದುಡ್ಡು

ಮನೆಯಲ್ಲಿ ಒಪ್ಪಲ್ಲ. ಬೇರೆ ಹೆಸರಲ್ಲಿ ಬರೆದ್ರೆ ಹಕ್ಕು ಹೋಗುತ್ತಾ?

ಹೋಗುವುದಿಲ್ಲ. ಕಾವ್ಯನಾಮ ನಮ್ಮಲ್ಲಿ ಹೊಸದೇ ಅಲ್ಲ. ಬೇಂದ್ರೆಯವರು ಅಂಬಿಕಾತನಯದತ್ತ ಆಗಿದ್ದರು. ಅನಸೂಯಾ ಶಂಕರ್ ಅವರನ್ನು ಕನ್ನಡ ಓದುಗರು ತ್ರಿವೇಣಿ ಅಂತಲೇ ಕರೆದರು. ಗುಪ್ತನಾಮದ ಕೃತಿಗೂ ಕಾಯ್ದೆಯಲ್ಲಿ ಹಕ್ಕಿದೆ. ಬರೆದವರು ಯಾರು ಅಂತ ತಿಳಿಯದಿದ್ದರೆ 60 ವರ್ಷವನ್ನು ಪ್ರಕಟವಾದ ಮುಂದಿನ ವರ್ಷದಿಂದ ಎಣಿಸುತ್ತಾರೆ.

ಕೆಲಸಕ್ಕೆ ಬರುವ ಎರಡು ಮಾತು. ಆ ಹೆಸರಿಗೆ ಬೇರೆ ಇಮೇಲ್ ಮಾಡಿ. ಆ್ಯಪ್ ನಿಮ್ಮ ಫೋನಿನಲ್ಲಿರುವ ನಂಬರ್‌ಗಳನ್ನು ನೋಡಲು ಅನುಮತಿ ಕೇಳಿದರೆ ಬೇಡ ಅನ್ನಿ, ಇಲ್ಲದಿದ್ದರೆ 'ನಿಮಗೆ ಗೊತ್ತಿರಬಹುದು' ಅಂತ ನಿಮ್ಮ ನಾದಿನಿಯ ಫೋನಿನಲ್ಲೇ ನಿಮ್ಮ ಪುಟ ತೋರಿಸಬಹುದು. ಬರೆಯುವ ಹೆಣ್ಣುಮಕ್ಕಳು ಮರೆಯಲ್ಲಿ ಬರೆಯಬೇಕಾಗಿ ಬರುವುದು ನನಗೆ ನೋವಿನ ವಿಷಯ. ಆದರೂ ಬರೆಯದೇ ಇರುವುದಕ್ಕಿಂತ ಹಾಗೆ ಬರೆಯುವುದೇ ಮೇಲು.

ಕೆಟ್ಟ ಕಾಮೆಂಟ್ ಹಾಕ್ತಾರೆ. ಉತ್ತರ ಕೊಡ್ಲಾ, ಸುಮ್ನಿರ್ಲಾ?

ಹಾಡಿನಲ್ಲಿ ಶ್ರುತಿ ತಪ್ಪಿದೆ ಅಂದರೆ ಅದು ಕೆಟ್ಟ ಕಾಮೆಂಟಲ್ಲ, ಕೇಳಿಸಿಕೊಳ್ಳಿ. ಜಾತಿ, ಬಣ್ಣ, ದೇಹ, ಮನೆಯ ಹೆಂಗಸರನ್ನು ಹಿಡಿದು ಬೈಯುವವರಿಗೆ ಉತ್ತರ ಬೇಡ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಅಳಿಸಿ, ಬ್ಲಾಕ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಬೈಗುಳದ ಪದಗಳ ಪಟ್ಟಿ ಕೊಟ್ಟರೆ ಅವು ಇರುವ ಕಾಮೆಂಟ್ ಕಾಣದ ಹಾಗೆ ಆಗುತ್ತದೆ. ಕನ್ನಡದ ಬೈಗುಳವನ್ನು ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ, ಜನ ಎರಡರಲ್ಲೂ ಬರೆಯುತ್ತಾರೆ. ಬೆದರಿಕೆ ಹಾಕಿದರೆ, ಫೋಟೊ ತಿರುಚಿದರೆ ಸುಮ್ಮನಿರಬೇಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಸ್ಕ್ರೀನ್‌ಶಾಟ್ ಜೊತೆ ಹೋಗಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ.

ಮಗಳು ಚೆನ್ನಾಗಿ ಡ್ಯಾನ್ಸ್ ಮಾಡ್ತಾಳೆ. ಅವಳ ಹೆಸರಲ್ಲೇ ಪೇಜ್ ಮಾಡ್ಲಾ?

13 ವರ್ಷ ಆಗದೆ ಇನ್‌ಸ್ಟಾಗ್ರಾಮ್ ಖಾತೆ ತೆರೆಯುವ ಹಾಗಿಲ್ಲ. ಚಿಕ್ಕವಳಾದರೆ ನಿಮ್ಮ ಖಾತೆಯಲ್ಲಿ, ಗೊತ್ತಿರುವವರಿಗೆ ಮಾತ್ರ ಕಾಣುವ ಹಾಗೆ ಹಾಕಿ. ಶಾಲೆಯ ಹೆಸರು, ಯೂನಿಫಾರಂ, ಮನೆಯ ಬೀದಿ ಕಾಣದಿರಲಿ. ಅವಳು ಬೇಡ ಅಂದ ದಿನ ತೆಗೆದುಬಿಡಿ.

ದುಡ್ಡು ಬರುತ್ತಾ? ನಿಜ ಹೇಳಿ.

ನಿಜ ಹೇಳುತ್ತೇನೆ, ಹೆಚ್ಚಿನವರಿಗೆ ಬರುವುದಿಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಆಮೇಲೆ ಉದ್ದದ ವಿಡಿಯೋದ ಜಾಹೀರಾತಿನಲ್ಲಿ ನಿಮಗೆ ಶೇ 55, ಶಾರ್ಟ್ಸ್‌ನಲ್ಲಿ ಶೇ 45. ಖಾತೆಯಲ್ಲಿ 100 ಡಾಲರ್ ಸೇರುವವರೆಗೂ ಬ್ಯಾಂಕಿಗೆ ಬರುವುದಿಲ್ಲ. ಹತ್ತು ನಿಮಿಷದ ವಿಡಿಯೋವನ್ನು ಒಬ್ಬೊಬ್ಬರೂ ಪೂರ್ತಿ ನೋಡಿದರೂ 4,000 ಗಂಟೆಗೆ 24,000 ಸಲ ನೋಡಬೇಕು. ನಮ್ಮ ಕಡೆಯ ಹಾಡು, ಕತೆಗೆ ಅಷ್ಟು ಜನ ಸೇರುವುದು ನಿಧಾನ.

ಕಲಾವಿದರಿಗೆ ದುಡ್ಡು ಬರುವ ದಾರಿ ಬೇರೆ ಕಡೆ ಇದೆ. ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಶುರುವಾದಾಗಿನಿಂದ ಇವತ್ತಿನವರೆಗೂ ಕಲಾವಿದರ ಹೊಟ್ಟೆ ತುಂಬಿಸಿದ್ದು ಎದುರಿಗೆ ಕೂತು ನೋಡುವ ಜನ. ಹಾಗಾಗಿ ವಿಡಿಯೋ ಕೆಳಗೆ ತಂಡದ ಫೋನ್ ನಂಬರ್ ಹಾಕಿ. ಜಾತ್ರೆ, ಮದುವೆ, ಶಾಲೆ ವಾರ್ಷಿಕೋತ್ಸವಕ್ಕೆ ಕರೆಯುವವರು ಅದನ್ನೇ ಹುಡುಕುತ್ತಾರೆ. ಒಂದು ಕಾರ್ಯಕ್ರಮದ ಸಂಭಾವನೆ ಒಂದು ವರ್ಷದ ಜಾಹೀರಾತಿಗಿಂತ ಜಾಸ್ತಿ ಇರಬಹುದು. ಅಂಗಡಿಯವರು ದುಡ್ಡು ಕೊಟ್ಟು ಹಾಕಿಸಿದ ವಿಡಿಯೋ ಆದರೆ 'ಜಾಹೀರಾತು' ಅಂತ ಬರೆಯಿರಿ, ಅದು ನಿಯಮವೂ ಹೌದು.

## ಸ್ವಲ್ಪ ಮುಂದೆ ಹೋದವರಿಗೆ

ಇಷ್ಟು ವರ್ಷ ಹಾಕಿದ್ದೆಲ್ಲ ಒಂದು ದಿನ ಹೋಗ್ಬಿಟ್ರೆ?

ಹೋಗುತ್ತದೆ ಅಂತಲೇ ತಿಳಿದು ಕೆಲಸ ಮಾಡಿ. ಪುಕ್ಕಟೆ ಪುಟ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಹೊಲದ ಬದುವಿನಲ್ಲಿ ನಿಂತು ಹಾಡಿದ, ಕುಣಿದ ಎಷ್ಟೋ ಹಳ್ಳಿ ಹುಡುಗ ಹುಡುಗಿಯರು ಕಟ್ಟಿಕೊಂಡಿದ್ದ ಜನ ಕೈಬಿಟ್ಟು ಹೋದರು. ಮೊಬೈಲಿನಲ್ಲಿ ಮೂಲ ವಿಡಿಯೋ ಇಟ್ಟುಕೊಂಡಿದ್ದವರು ಬೇರೆ ಕಡೆ ಮತ್ತೆ ಹಾಕಲು ಆಯಿತು.

ಮೂಲ ಫೈಲ್ ಯಾವತ್ತೂ ನಿಮ್ಮ ಹತ್ತಿರ ಇರಲಿ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿಟ್ಟ ಹಾರ್ಡ್ ಡಿಸ್ಕಿನಲ್ಲಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯನ್ನು ಮೂಲ ಅನ್ನಬೇಡಿ, ಅದು ಹಿಂಡಿ ಚಿಕ್ಕದಾದದ್ದು. ಕಳಿಸಲೇಬೇಕಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಖಾತೆ ಕಳವಾಗುವುದೂ ಇದೆ. ಎರಡು ಹಂತದ ಭದ್ರತೆ ಹಾಕಿಕೊಳ್ಳಿ, ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿ.

ನಮ್ಮ ತಾತನ ಮೂಡಲಪಾಯ ಮೇಳದ ಕ್ಯಾಸೆಟ್‌ಗಳಿವೆ. ಅವನ್ನ ಉಳಿಸೋದು ಹೇಗೆ?

ಇಂಥ ಪ್ರಶ್ನೆ ಬಂದರೆ ನನಗೆ ತುಂಬ ಖುಷಿ. ಮೂಡಲಪಾಯ ಅಂದರೆ ನಮ್ಮ ಬಯಲುಸೀಮೆಯ ಯಕ್ಷಗಾನ. ಭಾಗವತರ ಪದ, ಮದ್ದಳೆ, ಮುಖವೀಣೆ ಎಲ್ಲ ಕೂಡಿ ಬೆಳಗಿನವರೆಗೂ ನಡೆದ ಆಟದ ಒಂದಿಷ್ಟು ಆ ಟೇಪಿನಲ್ಲಿ ಉಳಿದಿದೆ. ಬೇರೆ ಎಲ್ಲೂ ಇರಲಾರದು.

ಸಿಕ್ಕ ತಕ್ಷಣ ಪ್ಲೇಯರ್‌ಗೆ ಹಾಕಿ ಒತ್ತಬೇಡಿ. ಕಿಟಕಿಯಂಥ ಆ ಪ್ಲಾಸ್ಟಿಕ್‌ನಿಂದ ಒಳಗೆ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಬೇರೆ ಇಟ್ಟು, ತಿಳಿದವರಿಗೆ ತೋರಿಸಿ. ಹಾಕಿದರೆ ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್‌ಗೂ ಹತ್ತಿ ಉಳಿದ ಕ್ಯಾಸೆಟ್‌ಗಳೂ ಕೆಡುತ್ತವೆ. ಬೂಸ್ಟು ಇಲ್ಲದಿದ್ದರೆ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಅಂಟಿಕೊಂಡ ಪದರ ಸಡಿಲವಾಗುತ್ತದೆ. ಹೆಡ್ಡನ್ನು ಒರೆಸಿಕೊಳ್ಳಿ. ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಒಂದು ವೈರ್ ಎಳೆದು ಕಂಪ್ಯೂಟರಿಗೆ ಕೊಡಿ, ಆಡಾಸಿಟಿ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅವಸರ ನಡೆಯುವುದಿಲ್ಲ. ಮೊದಲು ಸದ್ದನ್ನು ಹಿಂಡದೆ ಇಡುವ ವೇವ್ ಫೈಲ್ ಆಗಿ ಉಳಿಸಿ, ಹಂಚಲು ಬೇರೆ ಎಂಪಿ3 ಪ್ರತಿ ಮಾಡಿ. ಗುಂಯ್ ಸದ್ದು ತೆಗೆಯುವ ಆಸೆಗೆ ಮೂಲ ಪ್ರತಿಯನ್ನು ಮುಟ್ಟಬೇಡಿ.

ಕ್ಯಾಸೆಟ್‌ನ ಮೇಲೆ ತಾತ ಪೆನ್ನಿನಲ್ಲಿ ಬರೆದ ಚೀಟಿಯ ಫೋಟೊ ತೆಗೆಯಿರಿ. ಮೇಳದ ಹಿರಿಯರು ಇದ್ದರೆ ಜೊತೆಗೆ ಕೂತು ಕೇಳಿ, ಭಾಗವತರು ಯಾರು, ಯಾವ ಪ್ರಸಂಗ, ಯಾವ ಊರಿನ ಆಟ ಅಂತ ಬರೆದುಕೊಳ್ಳಿ. ಹಾಡಿದವರು ಅಥವಾ ಅವರ ಮನೆಯವರು ಒಪ್ಪಿದರೆ ಇಂಟರ್ನೆಟ್ ಆರ್ಕೈವ್‌ಗೆ ಹಾಕಬಹುದು. 1996ರಿಂದ ಲಾಭದ ಉದ್ದೇಶವಿಲ್ಲದೆ ನಡೆಯುತ್ತಿರುವ ಗ್ರಂಥಾಲಯ ಅದು, ಕೇಳಲು ಇಳಿಸಿಕೊಳ್ಳಲು ದುಡ್ಡಿಲ್ಲ. ಕಂಪನಿ ಮಾರಿದ ಕ್ಯಾಸೆಟ್ ಆದರೆ ಹಕ್ಕು ಕಂಪನಿಯದು, ಮನೆಯಲ್ಲಿ ಉಳಿಸಿಕೊಳ್ಳಿ, ಹಾಕಬೇಡಿ.

ಎಐನಲ್ಲಿ ಚಿತ್ರ ಮಾಡಿ, ಹಾಡು ಮಾಡಿ ನನ್ನ ಹೆಸರಲ್ಲಿ ಹಾಕಬಹುದಾ?

ಮಾಡಿದ್ದು ಎಐ ಅಂತ ಬರೆದು ಹಾಕಿ. ನಿಜದಂತೆ ಕಾಣುವ ವಿಡಿಯೋ ಆದರೆ ಹಾಗೆ ತಿಳಿಸಬೇಕು ಅಂತ ಯೂಟ್ಯೂಬ್ 2024ರಿಂದ ನಿಯಮ ಮಾಡಿದೆ. ತೀರಿಕೊಂಡ ಗಾಯಕರ ದನಿಯಲ್ಲಿ ಹೊಸ ಪದ ಹಾಡಿಸುವುದನ್ನು ಮಾತ್ರ ಮನೆಯವರ ಒಪ್ಪಿಗೆ ಇಲ್ಲದೆ ಮಾಡಲೇಬೇಡಿ. ಅವರು ಹಾಡದೇ ಇದ್ದದ್ದನ್ನು ಅವರ ಬಾಯಲ್ಲಿ ಇಡುವ ಹಕ್ಕು ನಮಗಿಲ್ಲ.

ನಾವು ಐದಾರು ಜನ ಸೇರಿ ಚಾನೆಲ್ ಮಾಡ್ಬೇಕು ಅಂತಿದ್ದೀವಿ. ಮುಂದೆ ಜಗಳ ಆಗದ ಹಾಗೆ ಏನ್ ಮಾಡೋದು?

ಒಬ್ಬರ ಸ್ವಂತ ಇಮೇಲ್, ಒಬ್ಬರ ಸ್ವಂತ ನಂಬರಿನಲ್ಲಿ ಚಾನೆಲ್ ತೆರೆಯಬೇಡಿ. ತಂಡಕ್ಕೆ ಅಂತ ಇಮೇಲ್ ಮಾಡಿ. ಯೂಟ್ಯೂಬ್‌ನಲ್ಲಿ ಪಾಸ್‌ವರ್ಡ್ ಹಂಚದೆಯೇ ಒಬ್ಬೊಬ್ಬರಿಗೆ ಒಂದೊಂದು ಜವಾಬ್ದಾರಿ ಕೊಡಬಹುದು: ಒಬ್ಬರು ಮ್ಯಾನೇಜರ್, ಇನ್ನೊಬ್ಬರು ಎಡಿಟರ್, ಲೆಕ್ಕ ಮಾತ್ರ ನೋಡುವವರು ಮತ್ತೊಬ್ಬರು.

ಆಮೇಲೆ ಒಂದು ಸಂಜೆ ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಬಂದ ದುಡ್ಡು ಯಾರ ಖಾತೆಗೆ, ಹಂಚುವುದು ಹೇಗೆ. ಹಾಡಿದವರಿಗೆ, ಬರೆದವರಿಗೆ, ಕ್ಯಾಮೆರಾ ಹಿಡಿದವರಿಗೆ ಸಮ ಪಾಲೋ ಬೇರೆ ಬೇರೆಯೋ. ಒಬ್ಬರು ಬಿಟ್ಟು ಹೋದರೆ ಅವರಿರುವ ಹಳೆಯ ವಿಡಿಯೋ ಉಳಿಯುತ್ತದೋ ತೆಗೆಯಬೇಕೋ. ಚಾನೆಲ್ ಹೆಸರು ಯಾರದು. ಸ್ನೇಹ ಚೆನ್ನಾಗಿರುವಾಗಲೇ ಇದನ್ನು ಮಾತಾಡಬೇಕು, ದುಡ್ಡು ಬಂದ ಮೇಲೆ ಮಾತು ಬೇರೆಯಾಗುತ್ತದೆ. ಎಲ್ಲರೂ ಸಹಿ ಹಾಕಿ, ಹಾಳೆಯ ಫೋಟೊ ತೆಗೆದು ಪ್ರತಿಯೊಬ್ಬರಿಗೂ ಕಳಿಸಿ. ವರ್ಷಕ್ಕೊಮ್ಮೆ ಮತ್ತೆ ಕೂತು ಬದಲಾಯಿಸಬೇಕಾದದ್ದು ಇದ್ದರೆ ಬದಲಾಯಿಸಿ.